ಮುತ್ಯಾನ ಜೋಡುನಳಿಗೆ ಬಂದೂಕು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಮುತ್ಯಾ ತಗೊಂಡಿದ್ದ ಡಬಲ್ ಬ್ಯಾರಲ್ ಬಂದೂಕು ಅದ. ಮ್ಯಾಲ ಹಿಂದಕ್ಕ ಎಳೆದು ಬಿಡೋ ಎರಡು ಕುದುರೆ, ನಳಿಗಿ ತುಂಬ ನೀರಿನ ತೆರಿ ಹಂಗ ಗೆರಿ. ಎರಡು ನಳಿಗಿ ಕೂಡಿಸೋ ನಡುಪಟ್ಟಿ ಮ್ಯಾಲ 'ಮ್ಯಾಂಟನ್, ಕಲಕತ್ತಾ' ಅಂತ ಅದ. ನಿಜಾಮನ ಕಾಲದ ಉರ್ದು ಪರವಾನಾನೂ ಸಿಕ್ಕದ. ಲೈಸೆನ್ಸ್ ಅಪ್ಪಾಜಿ ಹೆಸರಲೆ ಇತ್ತು, ಹೋದ ಶ್ರಾವಣದಾಗ ತೀರಿಕೊಂಡರು. ಇದಕ್ಕ ಬೆಲೆ ಬರ್ತದೇನ್ರಿ?
(ಹುಮನಾಬಾದ್)

ಉತ್ತರ: ಬೆಲೆಯ ಮಾತು ಆಮೇಲೆ. ಲೈಸೆನ್ಸ್‌ದಾರರು ತೀರಿಕೊಂಡ ಮೇಲೆ ಬಂದೂಕು ಮನೆಯಲ್ಲಿಟ್ಟುಕೊಳ್ಳುವ ಹಕ್ಕು ನಿಮಗಿಲ್ಲ. ಹತ್ತಿರದ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲೋ ಠೇವಣಿ ಇಟ್ಟು ರಸೀದಿ ತಗೊಳ್ಳಿ, ಇವತ್ತೇ. ನಂತರ ಮರಣ ಪ್ರಮಾಣಪತ್ರ, ವಾರಸಾ ಕಾಗದ, ಉಳಿದ ವಾರಸುದಾರರ ಒಪ್ಪಿಗೆ ಜೋಡಿಸಿ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಿ. 2016ರ ಶಸ್ತ್ರ ನಿಯಮಗಳಲ್ಲಿ ವಾರಸುದಾರರಿಗೆ ಲೈಸೆನ್ಸ್ ಕೊಡಲು ಅವಕಾಶವಿದೆ. ಆದರೆ 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು, ಪಿತ್ರಾರ್ಜಿತದ್ದೂ ಆ ಎರಡರ ಲೆಕ್ಕದಲ್ಲೇ ಬರುತ್ತದೆ. ನಿಜಾಮನ ಪರವಾನಾ ಈಗ ಲೈಸೆನ್ಸ್ ಆಗಿ ನಡೆಯುವುದಿಲ್ಲ. ಹಾಗಂತ ಎಸೆಯಬೇಡಿ. ಬಂದೂಕು ಯಾರ ಕೈಯಿಂದ ಯಾರಿಗೆ ಬಂತು ಎನ್ನಲು ಅದೇ ಸಾಕ್ಷಿ, ಸಂಗ್ರಹಕಾರರು ಅದಕ್ಕೂ ಸೇರಿಸಿ ಬೆಲೆ ಕಟ್ಟುತ್ತಾರೆ.

ನಡುಪಟ್ಟಿಯ ಹೆಸರನ್ನು ಪೂರಾ ನಂಬಬೇಡಿ. ಮ್ಯಾಂಟನ್, ರಾಡ್ಡಾದಂಥ ಕಲಕತ್ತೆಯ ಅಂಗಡಿಗಳು ಇಂಗ್ಲೆಂಡಿನಲ್ಲಿ, ಹೆಚ್ಚಾಗಿ ಬರ್ಮಿಂಗ್‌ಹ್ಯಾಮ್‌ನಲ್ಲಿ, ತಯಾರಾದ ಬಂದೂಕು ತರಿಸಿ ತಮ್ಮ ಹೆಸರು ಕೆತ್ತಿಸಿ ಮಾರುತ್ತಿದ್ದವು. ನಿಜವಾದ ಜಾತಕ ಇರುವುದು ನಳಿಗೆಯ ಅಡಿಯಲ್ಲಿ, ನಳಿಗೆ ಒತ್ತಡ ತಡೆಯುತ್ತದೋ ಎಂದು ಹಾರಿಸಿ ಪರೀಕ್ಷಿಸಿದವರು ಒತ್ತಿದ ಮುದ್ರೆಗಳಲ್ಲಿ. ಅಂಗಡಿಯವರಿಂದಲೇ ನಳಿಗೆ ಬಿಚ್ಚಿಸಿ, ಹಿಂತುದಿಯ ಅಡಿಯ ಸಪಾಟಾದ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಕಿರೀಟದ ಕೆಳಗೆ 'ಬಿಪಿ', 'ಬಿವಿ' ಅಂತಿದ್ದರೆ ಬರ್ಮಿಂಗ್‌ಹ್ಯಾಮ್‌ನಲ್ಲಿ 1904ರ ನಂತರ ಪರೀಕ್ಷೆಯಾದದ್ದು. ಕಿರೀಟದ ಕೆಳಗೆ ಹೆಣೆದುಕೊಂಡ 'ಜಿಪಿ' ಲಂಡನ್ನಿನದು. ಮೊಟ್ಟೆಯಾಕಾರದೊಳಗೆ 'ಇಎಲ್‌ಜಿ' ಕಂಡರೆ ಬೆಲ್ಜಿಯಂನ ಲೀಯೆಜ್ ಊರಿನದು, ಹೊರಗೆ ಯಾವ ಇಂಗ್ಲಿಷ್ ಹೆಸರಿದ್ದರೂ ಸರಿ. 'ನಾಟ್ ಫಾರ್ ಬಾಲ್' (ಒಂಟಿ ಗುಂಡಿಗಲ್ಲ) ಎಂದಿದ್ದರೆ 1875ರಿಂದ 1887ರ ನಡುವಿನದು. 12 ಅಂಕಿಯೂ 'ಸಿ' ಅಕ್ಷರವೂ ಒಂದೇ ವಜ್ರಾಕೃತಿಯೊಳಗಿದ್ದರೆ 1887ರ ಈಚಿನದು.

ನೀರಿನ ತೆರೆಯ ಗೆರೆ ಬಣ್ಣವಲ್ಲ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹುರಿಗೊಳಿಸಿ, ಸಲಾಕೆಗೆ ಸುತ್ತಿ, ಕುಲುಮೆಯಲ್ಲಿ ಬೆಸೆದ ಡಮಾಸ್ಕಸ್ ನಳಿಗೆ ಅದು. ಗೆರೆ ಎಷ್ಟು ಸಣ್ಣದೋ, ಕುಸುರಿ ಎಷ್ಟು ಸಮವೋ ಅಷ್ಟು ಬೆಲೆ. ನಳಿಗೆ, ಕುದುರೆ ಕೂತ ನಡುಭಾಗ, ನಳಿಗೆಯ ಕೆಳಗೆ ಕೈ ಹಿಡಿಯುವ ಮುಂದಿನ ಕಟ್ಟಿಗೆ ಮೂರರ ಮೇಲಿನ ನಂಬರೂ ಒಂದೇ ಇರಬೇಕು. ಒಂದು ಬೇರೆಯಾದರೂ ಅದು ಜೋಡಿಸಿದ ಮಾಲು.

ನಳಿಗೆಯನ್ನು ಅದರ ಕೊಕ್ಕೆಯಿಂದ ಒಂದು ಬೆರಳಿಗೆ ತೂಗುಹಾಕಿ ಗೆಣ್ಣಿನಿಂದ ತಟ್ಟಿಸಿ. ಗುಡಿಯ ಗಂಟೆಯಂತೆ ದನಿ ಉಳಿದರೆ ನಡುಪಟ್ಟಿಯ ಬೆಸುಗೆ ಗಟ್ಟಿ, ಒಡೆದ ಮಡಕೆಯಂತೆ ಕೇಳಿದರೆ ಎಲ್ಲೋ ಬಿಟ್ಟಿದೆ. ಮುಂದಿನ ಕಟ್ಟಿಗೆ ತೆಗೆದು, ಬಂದೂಕು ಮುಚ್ಚಿ ಅಲುಗಾಡಿಸಿದರೆ ಕಟಕಟ ಅನ್ನಬಾರದು. ಕಟ್ಟಿಗೆ ತೆಗೆಯದೆ ನೋಡಿದರೆ ಅದರ ಸ್ಪ್ರಿಂಗ್ ಒತ್ತಿ ಹಿಡಿದು ಸಡಿಲು ಮುಚ್ಚಿಹೋಗುತ್ತದೆ. ಮಾರುವವರು ಕಟ್ಟಿಗೆ ತೆಗೆಯಲು ಯಾಕೆ ಹಿಂದೇಟು ಹಾಕುತ್ತಾರೋ ಈಗ ಗೊತ್ತಾಯಿತಲ್ಲ.

ಪ್ರಶ್ನೆ: ನಳಿಗಿ ಬಣ್ಣ ಹೋಗಿ ಬೆಳ್ಳಗಾಗ್ಯದ. ಬಿದರಿ ಕೆಲಸದವರ ಕಡೆ ಕಪ್ಪು ಹಾಕಿಸಿದ್ರ ನಡೀತದೇನು?
(ಭಾಲ್ಕಿ)

ಉತ್ತರ: ಬೇಡವೇ ಬೇಡ. ಬಿದರಿ ಪಾತ್ರೆ ಸತುವು, ತಾಮ್ರದ ಎರಕ. ಕೋಟೆಯ ಮಣ್ಣು, ನವಸಾಗರ ಕಲಸಿ ಹಚ್ಚಿದರೆ ಆ ಎರಕ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಅದೇ ನವಸಾಗರ ಕಬ್ಬಿಣಕ್ಕೆ ತಗಲಿದರೆ ತುಕ್ಕು ಗುಳಿ ಬೀಳುವವರೆಗೆ ತಿನ್ನುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ರಿಪೇರಿಯವರ ಬಿಸಿ ಬ್ಲೂಯಿಂಗ್, ಅಂದರೆ ಕಾಯಿಸಿ ನೀಲಿಗಪ್ಪು ಬಣ್ಣ ಹಿಡಿಸುವುದು. ಕಾಸ್ಟಿಕ್ ಸೋಡಾ ದ್ರಾವಣವನ್ನು ಸುಮಾರು 140 ಡಿಗ್ರಿಗೆ ಕಾಯಿಸಿ ನಳಿಗೆ ಮುಳುಗಿಸುತ್ತಾರೆ. ಒಂದೇ ನಳಿಗೆಯ ಬಂದೂಕಿಗೆ ಸರಿ. ಜೋಡುನಳಿಗೆಯಲ್ಲಿ ನಡುಪಟ್ಟಿ ನಿಂತಿರುವುದು ಸೀಸ, ತವರದ ಬೆಸುಗೆಯ ಮೇಲೆ, ಕಾಸ್ಟಿಕ್ ಅದನ್ನು ಕರಗಿಸುತ್ತದೆ. ಸಂದಿಯಲ್ಲಿ ಉಳಿದ ಉಪ್ಪು ಒಳಗಿನಿಂದ ತುಕ್ಕು ಹಿಡಿಸಿ, ಮುಂದೊಂದು ದಿನ ಪಟ್ಟಿಯೇ ಎದ್ದು ಬರುತ್ತದೆ. ಡಮಾಸ್ಕಸ್ ಗೆರೆಯೂ ಮುಚ್ಚಿಹೋಗುತ್ತದೆ. ನಿಧಾನವಾಗಿ ತುಕ್ಕು ಏರಿಸಿ, ಉಜ್ಜಿ, ಮತ್ತೆ ಏರಿಸುವ ಹಳೆಯ ಪದ್ಧತಿ ಬಲ್ಲವರು ಸಿಗದಿದ್ದರೆ ಬೆಳ್ಳಗೇ ಇರಲಿ. ಎಮರಿ ಕಾಗದ ಮುಟ್ಟಿಸಿದರೆ ಕೆತ್ತನೆಯ ಅಂಚು ಸವೆಯುತ್ತದೆ. ಮಾಸಿದ ಬಂದೂಕಿಗೆ ಗಿರಾಕಿ ಇದ್ದಾರೆ, ಉಜ್ಜಿದ್ದಕ್ಕೆ ಇಲ್ಲ.

ಪ್ರಶ್ನೆ: ಹಳಿ 12 ಬೋರಿಗೆ ಈಗಿನ ತೋಟಾ ಸರಳ ಕೂಡ್ತಾವ. ಲೈಸೆನ್ಸೂ ಅದ. ಹಾರಿಸಬಹುದಲ್ಲ?
(ಸುರಪುರ)

ಉತ್ತರ: ಕೂಡುತ್ತವೆ, ಮೋಸ ಅಲ್ಲೇ. ಹಳೆಯ ಇಂಗ್ಲಿಷ್ ಬಂದೂಕುಗಳ ಚೇಂಬರ್, ಅಂದರೆ ತೋಟಾ ಕೂಡುವ ಗೂಡು, ಸಾಮಾನ್ಯವಾಗಿ ಎರಡೂವರೆ ಇಂಚು, ಸುಮಾರು 65 ಮಿ.ಮೀ. ಈಗಿನ ತೋಟಾ 70 ಮಿ.ಮೀ. ಆ ಅಳತೆ ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡ ಖಾಲಿ ತೋಟಾದ್ದು. ಹಾರದ ತೋಟಾದ ಬಾಯಿ ಮಡಚಿರುವುದರಿಂದ ಗಿಡ್ಡವಾಗಿದ್ದು ಸಲೀಸಾಗಿ ಒಳಗೆ ಹೋಗುತ್ತದೆ, ಬಂದೂಕೂ ಮುಚ್ಚುತ್ತದೆ. ಹಾರಿಸಿದಾಗ ಮಡಿಕೆ ಬಿಚ್ಚಿ ಚೇಂಬರಿನ ಮುಂದಿನ ಇಕ್ಕಟ್ಟಿಗೆ ನುಗ್ಗುತ್ತದೆ, ಛರಾ ಹೋಗುವ ದಾರಿ ಕಿರಿದಾಗಿ ಒತ್ತಡ ಏರುತ್ತದೆ. ನಿಮ್ಮ ನಳಿಗೆ ಕರಿಮದ್ದಿಗೆ ಮಾತ್ರ ಪರೀಕ್ಷೆಯಾಗಿದ್ದರಂತೂ ಮುಗಿಯಿತು. ಕಿರೀಟದ ಕೆಳಗೆ 'ಎನ್‌ಪಿ' ಅಥವಾ 'ನೈಟ್ರೋ ಪ್ರೂಫ್' (ಈಗಿನ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾದದ್ದು) ಮುದ್ರೆ ಇಲ್ಲದ ಬಂದೂಕು ಗೋಡೆಯ ಮೇಲೇ ಇರಲಿ. ಮುದ್ರೆ ಇದ್ದರೂ ನಳಿಗೆಯ ಲೋಹದ ದಪ್ಪ ಅಳೆಸಬೇಕು. ಬಾಯಿಯಿಂದ ಒಂಬತ್ತು ಇಂಚು ಹಿಂದೆ ಅರ್ಧ ಮಿ.ಮೀ.ಗಿಂತ ಕಡಿಮೆ ಬಂದರೆ ಸಂಗ್ರಹಕಾರರೂ ಹಿಂದೆ ಸರಿಯುತ್ತಾರೆ.

ಪ್ರಶ್ನೆ: ನೂರು ವರ್ಷ ದಾಟಿದ ಬಂದೂಕಿಗೆ ಲೈಸೆನ್ಸ್ ಬೇಡ ಅಂತಾರಲ್ಲ? ವಿದೇಶಕ್ಕೆ ಮಾರಬಹುದಾ?
(ಕಲಬುರಗಿ)

ಉತ್ತರ: ವಯಸ್ಸಿನ ಮೇಲೆ ವಿನಾಯಿತಿ ಇಲ್ಲ. 1959ರ ಶಸ್ತ್ರ ಕಾಯ್ದೆಯ 45ನೇ ಕಲಂ ಬಿಡುವುದು ರಿಪೇರಿ ಮಾಡಿದರೂ ಹಾರದಂಥ ಹಳೆಯ ಆಯುಧವನ್ನು ಮಾತ್ರ. ಕುದುರೆ ಏರಿ ಬೀಳುವ ಬಂದೂಕು ಆ ಸಾಲಿಗೆ ಸೇರುವುದಿಲ್ಲ. ನೂರು ವರ್ಷ ದಾಟಿದರೆ 1972ರ ಪುರಾವಸ್ತು ಕಾಯ್ದೆ ಬರುತ್ತದೆ, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಇಲ್ಲೇ ಲೈಸೆನ್ಸ್ ಇದ್ದವರಿಗೆ ಮಾರುವುದಾದರೂ ಜಿಲ್ಲಾಧಿಕಾರಿಗೋ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು.

ಪ್ರಶ್ನೆ: ಕಟ್ಟಿಗಿಗಿ ಯಾವ ಎಣ್ಣಿ ಹಚ್ಚಬೇಕ್ರಿ?
(ಸೇಡಂ)

ಉತ್ತರ: ಅಗಸೆ ಎಣ್ಣೆ. ನಾಲ್ಕೈದು ಹನಿ ಅಂಗೈಗೆ ಹಾಕಿ ಬಿಸಿಯಾಗುವತನಕ ತಿಕ್ಕಿ, ಮಿಕ್ಕಿದ್ದು ಒರೆಸಿ, ಪೂರಾ ಒಣಗಿದ ಮೇಲೆ ಇನ್ನೊಮ್ಮೆ. ಶೇಂಗಾ, ಕೊಬ್ಬರಿ ಎಣ್ಣೆ ಒಣಗದೆ ಜಿಗಟಾಗಿ ಧೂಳು ಹಿಡಿಯುತ್ತವೆ. ಅಗಸೆ ಎಣ್ಣೆಯ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನೇ ಕಾದು ಹೊತ್ತಿಕೊಳ್ಳುತ್ತದೆ, ಹರವಿ ಒಣಗಿಸಿ. ಬಂದೂಕನ್ನು ಬಾಯಿ ಕೆಳಗಾಗಿ ನಿಲ್ಲಿಸಿ. ಮೇಲಾಗಿ ನಿಲ್ಲಿಸಿದರೆ ನಳಿಗೆಯ ಎಣ್ಣೆ ಇಳಿದು ಕಟ್ಟಿಗೆಯ ತಲೆ ಕರಿಯಾಗಿ ಮೆತ್ತಗಾಗುತ್ತದೆ. ಚರ್ಮದ ಚೀಲದಲ್ಲಿ ಮಳೆಗಾಲ ಕಳೆಸಬೇಡಿ, ಚರ್ಮ ಹಸಿ ಹಿಡಿದು ತುಕ್ಕು ತರುತ್ತದೆ. ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಕುಗ್ಗಿದಾಗ ತಿರುಪು ಸಡಿಲಾದಂತೆ ಕಾಣುತ್ತದೆ. ಆಗ ಬಿಗಿ ಮಾಡಿದರೆ ಆಷಾಢದ ಹಸಿಗೆ ಕಟ್ಟಿಗೆ ಉಬ್ಬಿ ತಿರುಪಿನ ಸುತ್ತಲೇ ಸೀಳು ಬಿಡುತ್ತದೆ.