ಹೇಳಿದ್ದಕ್ಕೆಲ್ಲ "ಆಯ್ತು" ಅನ್ನುವ ಅಮ್ಮನಿಗೆ ಪಥ್ಯ ಒಪ್ಪಿಸುವುದು ಹೇಗೆ?

ಅಮ್ಮನಿಗೆ 12 ವರ್ಷದಿಂದ ಶುಗರ್, ಏನು ಹೇಳಿದರೂ "ಆಯ್ತು" ಅಂತಾರೆ, ಆದರೆ ಮಾಡುವುದಿಲ್ಲ, ಹೇಗೆ ಒಪ್ಪಿಸಲಿ ಅಂತ ಕೇಳಿದ್ದೀರಿ. ಒಪ್ಪಿಸುವುದನ್ನು ಸ್ವಲ್ಪ ದಿನ ಬಿಡಿ. ಅವರನ್ನು ಕೇಳಿ, ಕೇಳಿದ ಮೇಲೆ ಸುಮ್ನೆ ಕೂತುಕೊಳ್ಳಿ. ನಾನು ಇದನ್ನು ತುಂಬಾ ತಡವಾಗಿ ಕಲಿತೆ.

ನಮ್ಮ ಮನೆ ಕಾಸರಗೋಡಿನಲ್ಲಿ, ಬದಿಯಡ್ಕದ ಹತ್ತಿರ. ಅಪ್ಪನಿಗೂ ಶುಗರ್. ಅವರು ಕಲಿತದ್ದು ಕನ್ನಡ ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಎಲ್ಲ ಮಲಯಾಳ. ಹಾಗಾಗಿ ಪ್ರತಿ ಸಲ ನಾನೇ ಜೊತೆಗೆ ಹೋಗುತ್ತಿದ್ದೆ. ಡಾಕ್ಟರು ಕೇಳುತ್ತಿದ್ದದ್ದು ಅಪ್ಪನನ್ನು, ಉತ್ತರ ಕೊಡುತ್ತಿದ್ದದ್ದು ನಾನು. "ರಾತ್ರಿ ಇನ್ಸುಲಿನ್ ತಪ್ಪಿಸ್ತಾರೆ ಡಾಕ್ಟ್ರೇ, ಹಠ" ಅಂತ. ಅಪ್ಪ "ಶರಿ, ಶರಿ" ಎಂದು ತಲೆಯಾಡಿಸಿ ಎದ್ದು ಬರುತ್ತಿದ್ದರು. ಅಪ್ಪನ ಕಾಯಿಲೆಯ ಬಗ್ಗೆ ಅಪ್ಪ ಒಂದು ಮಾತೂ ಆಡಿಲ್ಲ ಅಂತ ನನಗೆ ಹೊಳೆಯಲೇ ಇಲ್ಲ.

ಆಗ ಮಲಗಿದಲ್ಲೇ ಇದ್ದ ಅಜ್ಜಿಯನ್ನು ನೋಡಲು ಪಂಚಾಯತಿನ ಪಾಲಿಯೇಟಿವ್ ನರ್ಸ್, ಅಂದರೆ ದೀರ್ಘ ಕಾಯಿಲೆಯವರ ನೋವು, ಕಷ್ಟ ಕಮ್ಮಿ ಮಾಡಲು ಆರೈಕೆ ಮಾಡುವ ನರ್ಸ್, ಬರುತ್ತಿದ್ದರು. ಕೇರಳ ಸರಕಾರ 2008ರಲ್ಲೇ ಇದಕ್ಕೊಂದು ನೀತಿ ತಂದಿದೆ. ಮನೆಗೇ ಬಂದು ನೋಡುವ ಈ ಏರ್ಪಾಡು ನಮ್ಮಂಥವರಿಗೆ ದೊಡ್ಡ ಆಸರೆ. ಒಂದು ದಿನ ಅವರು ಅಜ್ಜಿಯ ಹುಣ್ಣಿಗೆ ಮದ್ದು ಹಚ್ಚಿ, ಕೈ ತೊಳೆದು, ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಅಪ್ಪನ ಪಕ್ಕ ಕೂತರು. "ರಾತ್ರಿ ಸೂಜಿ ಕೈಗೆ ತಗೊಂಡಾಗ ಮನಸ್ಸಿಗೆ ಏನು ಬರ್ತದೆ ಅಣ್ಣ?" ಎಂದು ಕನ್ನಡದಲ್ಲೇ ಕೇಳಿದರು. ನಾನು ಬಾಯಿ ತೆರೆದೆ. ಅವರು ನನ್ನತ್ತ ನೋಡದೆ ಕೈ ಎತ್ತಿ ತಡೆದರು. ಅಪ್ಪ ನಾಲ್ಕೈದು ಅಡಿಕೆ ಸುಲಿದರು. ಆಮೇಲೆ, "ಹೆದರಿಕೆ ಆಗ್ತದೆ" ಅಂದರು.

ಹಿಂದೊಮ್ಮೆ ರಾತ್ರಿ ಎರಡು ಗಂಟೆಗೆ ಮೈಯೆಲ್ಲ ಬೆವರಿ, ಕೈಕಾಲು ನಡುಗಿ, ಕತ್ತಲಲ್ಲಿ ತಡಕಾಡಿ ಬೆಲ್ಲ ತಿಂದು ಅಡುಗೆಮನೆಯ ನೆಲದಲ್ಲೇ ಕೂತಿದ್ದರಂತೆ. ನಮ್ಮನ್ನು ಎಬ್ಬಿಸಿರಲಿಲ್ಲ. ನರ್ಸ್ ಇನ್ನೆರಡು ಪ್ರಶ್ನೆ ಕೇಳಿದಾಗ ಕಾರಣವೂ ತಿಳಿಯಿತು. ನನ್ನ ಒತ್ತಾಯಕ್ಕೆ ರಾತ್ರಿಯ ಕುಚ್ಚಲಕ್ಕಿ ಗಂಜಿ ಎರಡು ಸೌಟಿನಿಂದ ಒಂದಕ್ಕೆ ಇಳಿದಿತ್ತು. ಇನ್ಸುಲಿನ್ ಮಾತ್ರ ಅದೇ 18 ಯೂನಿಟ್. ಊಟ ಕಮ್ಮಿಯಾಗಿ ಮದ್ದು ಅಷ್ಟೇ ಇದ್ದರೆ ಶುಗರ್ ತೀರಾ ಕೆಳಗೆ ಇಳಿಯದೆ ಇರುತ್ತದಾ? ನಾವು ಹಠ ಅಂದುಕೊಂಡದ್ದು ಅಪ್ಪ ಜೀವ ಉಳಿಸಿಕೊಳ್ಳಲು ಕಂಡುಕೊಂಡ ದಾರಿಯಾಗಿತ್ತು.

ಡಾಕ್ಟರು ಡೋಸ್ ಇಳಿಸಿದರು. ರಕ್ತದ ಶುಗರ್ 70ಕ್ಕಿಂತ ಕೆಳಗೆ ಹೋದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಯಬೇಕು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು ಅಂತ ಅಪ್ಪನಿಗೇ ಹೇಳಿಕೊಟ್ಟರು. ಅದಾದ ಮೇಲೆ ಇನ್ಸುಲಿನ್ ತಪ್ಪಿಲ್ಲ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆಯಲ್ಲಿ (HbA1c) ಶೇಕಡಾ 10.4 ಇದ್ದದ್ದು ನಿಧಾನಕ್ಕೆ 8.1ಕ್ಕೆ ಬಂದಿದೆ.

ಇಂಥ ಮಾತುಕತೆಗೆ ಡೆನ್ಮಾರ್ಕಿನ ನರ್ಸ್‌ಗಳು ಒಂದು ಪದ್ಧತಿಯನ್ನೇ ಕಟ್ಟಿದ್ದಾರೆ, ಗೈಡೆಡ್ ಸೆಲ್ಫ್ ಡಿಟರ್ಮಿನೇಶನ್ ಅಂತ. ರೋಗಿ ಮನೆಯಲ್ಲಿ ಕೆಲವು ಹಾಳೆ ತುಂಬಿಸಿ ತರುತ್ತಾರೆ, ಅದನ್ನು ಮುಂದಿಟ್ಟುಕೊಂಡು ನರ್ಸ್ ಮಾತಾಡುತ್ತಾರೆ. ಅದನ್ನು ಓದಿ ನಾನೂ ಹಳೇ ಕ್ಯಾಲೆಂಡರಿನ ಹಿಂದೆ ಅರ್ಧ ವಾಕ್ಯ ಬರೆದು ಅಪ್ಪನಿಗೆ ಕೊಟ್ಟೆ. "ಈ ಕಾಯಿಲೆಯಲ್ಲಿ ನನಗೆ ತುಂಬಾ ಬೇಸರ ತರುವುದು..." ಎಂಬುದರ ಮುಂದೆ ಅಪ್ಪ ಹೀಗೆ ಬರೆದಿದ್ದರು: "ಮದುವೆಮನೆಯಲ್ಲಿ ಎಲ್ಲರ ಎದುರು 'ಇವರಿಗೆ ಪಾಯಸ ಬೇಡ' ಅಂತ ಮಗ ಹೇಳುವುದು." ಈಗ ನಾನು ಹಾಗೆ ಹೇಳುವುದಿಲ್ಲ. ಅಪ್ಪ ಅರ್ಧ ಸೌಟು ಬಡಿಸಿಕೊಳ್ಳುತ್ತಾರೆ, ಅನ್ನ ಅಷ್ಟು ಕಮ್ಮಿ ಮಾಡುತ್ತಾರೆ.

ನಿಮ್ಮ ಅಮ್ಮನನ್ನು ಊಟದ ಹೊತ್ತಿಗೆ ಕೇಳಬೇಡಿ, ಬೇರೆಯವರ ಎದುರೂ ಬೇಡ. ಮಾತಿನ ನಡುವೆ ಬುದ್ಧಿ ಹೇಳಬೇಡಿ. ಅವರು ಏನೇ ಹೇಳಲಿ, ಡೋಸ್ ಮಾತ್ರ ನೀವಾಗಿ ಬದಲಿಸಬೇಡಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಅಮ್ಮನೇ ಮೊದಲು ಮಾತಾಡಲಿ, ಎಷ್ಟು ಹೊತ್ತಾದರೂ ಸರಿ.