‘ಬಂದಿದೆ’ ಎಂದರೆ ಏನು ಬಂತು?

ವಿಧಾನಮಂಡಲದ ಕಲಾಪ, ಸರ್ಕಾರದ ಲೆಕ್ಕಪತ್ರಗಳ ಕುರಿತು ಓದುಗರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ. ಈ ಬಾರಿಯ ಪತ್ರಗಳೆಲ್ಲ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವು.

ಕುಡಿಯುವ ನೀರಿನ ಬಗ್ಗೆ ನಮ್ಮ ಶಾಸಕರು ಚುಕ್ಕೆ ಗುರುತಿಲ್ಲದ (ಲಿಖಿತ ಉತ್ತರವಷ್ಟೇ ಸಿಗುವ) ಪ್ರಶ್ನೆ ಕೇಳಿದ್ದರು. ‘ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದರೆ ‘ಬಂದಿದೆ’ ಎಂದು ಉತ್ತರ. ಅನುಬಂಧದಲ್ಲಿ ನಮ್ಮೂರಿನ ಶುದ್ಧ ನೀರಿನ ಘಟಕದ ಮುಂದೆ ‘ಪೂರ್ಣಗೊಂಡಿದೆ’ ಎಂದಿದೆ. ಘಟಕಕ್ಕೆ ಬೀಗ ಬಿದ್ದು ಎರಡು ಬೇಸಿಗೆ ಕಳೆದಿವೆ. ಇದು ಸದನಕ್ಕೆ ಹೇಳಿದ ಸುಳ್ಳಲ್ಲವೇ?
— ಮಾನ್ವಿ ತಾಲ್ಲೂಕಿನ ಓದುಗರು

ಸುಳ್ಳಲ್ಲ. ಬೇಸರದ ಸಂಗತಿಯೇ ಅದು. ಘಟಕ ಕಟ್ಟಿದ್ದಾರೆ, ಬಿಲ್ಲು ಪಾವತಿಯಾಗಿದೆ. ಕಡತದ ಪ್ರಕಾರ ಕಾಮಗಾರಿ ಪೂರ್ಣ. ಕಾಯಿನ್ ಹಾಕುವ ಪೆಟ್ಟಿಗೆಗೆ ತುಕ್ಕು ಹಿಡಿದಿರುವುದು, ಒಳಗಿನ ಫಿಲ್ಟರ್ ಬದಲಾಯಿಸದೆ ಬಿಟ್ಟಿರುವುದು ‘ನಿರ್ವಹಣೆ’ ಎಂಬ ಬೇರೆ ಲೆಕ್ಕದ ಬಾಬತ್ತು. ನಿಮ್ಮ ಶಾಸಕರು ಅದನ್ನು ಕೇಳಲೇ ಇಲ್ಲ, ಹಾಗಾಗಿ ಇಲಾಖೆಯೂ ಹೇಳಲಿಲ್ಲ.

ನಮ್ಮ ಸದನದ ಉತ್ತರಪತ್ರಿಕೆಗಳನ್ನು ವರ್ಷಗಟ್ಟಲೆ ಓದಿದವನಾಗಿ ಒಂದು ಮಾತು ಹೇಳುತ್ತೇನೆ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ಅ-ಆ-ಇ-ಈ ಎಂದು ಭಾಗಗಳು. ‘ಗಮನಕ್ಕೆ ಬಂದಿದೆಯೇ’ ಎಂದು ಶುರುವಾದ ಪ್ರಶ್ನೆ ಬಹುಪಾಲು ಅಲ್ಲಿಯೇ ಸತ್ತಿರುತ್ತದೆ. ‘ಬಂದಿರುವುದಿಲ್ಲ’ ಎಂದುಬಿಟ್ಟರೆ ಕೆಳಗಿನ ‘ಹಾಗಿದ್ದಲ್ಲಿ’ಗಳಿಗೆಲ್ಲ ‘ಉದ್ಭವಿಸುವುದಿಲ್ಲ’ ಎಂಬ ಒಂದೇ ಪದ ಸಾಕು. ಅರ್ಧ ಪುಟದಲ್ಲಿ ಒಂದು ತಾಲ್ಲೂಕಿನ ಬಾಯಾರಿಕೆ ವಿಲೇವಾರಿಯಾಗುತ್ತದೆ.

ಕೇಳಬೇಕಾದದ್ದು ಹೀಗೆ: ಮಾನ್ವಿ ತಾಲ್ಲೂಕಿನಲ್ಲಿ ಇಂಥ ದಿನಾಂಕದಂದು ನೀರು ಕೊಡುತ್ತಿದ್ದ ಘಟಕಗಳೆಷ್ಟು, ನಿಂತಿರುವುವೆಷ್ಟು, ಪ್ರತಿಯೊಂದೂ ಯಾವತ್ತಿನಿಂದ ನಿಂತಿದೆ, ನಿರ್ವಹಣೆ ಯಾರ ಹೊಣೆ, ಅವರಿಗೆ ಈವರೆಗೆ ಕೊಟ್ಟ ಹಣವೆಷ್ಟು? ಊರುವಾರು ವಿವರ ನೀಡುವುದು.

ಹಣದ ಮಾತು ಬಂದಾಗ ಮೂರು ಪದಗಳ ಮೇಲೆ ಕಣ್ಣಿಡಿ: ಹಂಚಿಕೆ, ಬಿಡುಗಡೆ, ವೆಚ್ಚ. ಬಜೆಟ್ ಪುಸ್ತಕದಲ್ಲಿ ಬರೆದದ್ದು ಹಂಚಿಕೆ. ಆರ್ಥಿಕ ಇಲಾಖೆ ಕೈಬಿಚ್ಚಿದ್ದು ಬಿಡುಗಡೆ. ಮೋಸ ಹೋಗುವುದು ಮೂರನೆಯದರಲ್ಲಿ. ಕಾಮಗಾರಿ ನಡೆಸುವ ಸಂಸ್ಥೆಯ ಖಾತೆಗೋ ಠೇವಣಿ ಖಾತೆಗೋ ಹಣ ವರ್ಗಾವಣೆಯಾದ ದಿನವೇ ಅದನ್ನು ‘ವೆಚ್ಚ’ ಎಂದು ತೋರಿಸುವ ರೂಢಿ ಇದೆ. ಮಾರ್ಚ್ ಕೊನೆಯ ವಾರದಲ್ಲಂತೂ ಈ ವರ್ಗಾವಣೆಗಳ ಜಾತ್ರೆ. ಮಣ್ಣಿನಲ್ಲಿ ಒಂದು ಗುದ್ದಲಿ ಬೀಳುವ ಮೊದಲೇ ಪ್ರಗತಿ ಶೇ 95 ದಾಟಿರುತ್ತದೆ! ಆದ್ದರಿಂದ ‘ಖರ್ಚಾದ ಹಣವೆಷ್ಟು’ ಎಂದಷ್ಟೇ ಕೇಳಿ ನಿಲ್ಲಬಾರದು. ‘ಬಳಕೆ ಪ್ರಮಾಣಪತ್ರ ಬಂದಿರುವ ಮೊತ್ತವೆಷ್ಟು, ಅನುಷ್ಠಾನ ಸಂಸ್ಥೆಗಳ ಖಾತೆಯಲ್ಲಿ ಉಳಿದಿರುವುದೆಷ್ಟು’ ಎಂಬುದು ಜೊತೆಗಿರಲೇಬೇಕು.

ಇನ್ನು, ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸಚಿವರು ಎದ್ದುನಿಂತು ಉತ್ತರಿಸಬೇಕು, ಶಾಸಕರು ಉಪಪ್ರಶ್ನೆ ಹಾಕಬಹುದು. ಒತ್ತಡಕ್ಕೆ ಸಿಕ್ಕ ಸಚಿವರು ‘ಮೂರು ತಿಂಗಳಲ್ಲಿ ದುರಸ್ತಿ ಮಾಡಿಸುತ್ತೇವೆ’ ಎಂದರೆ ಆ ಮಾತು, ಕೊಟ್ಟ ಮಾತು ಈಡೇರಿತೇ ಎಂದು ನೋಡುವ ಸರ್ಕಾರಿ ಭರವಸೆಗಳ ಸಮಿತಿಯ ಪಟ್ಟಿಗೆ ಹೋಗುತ್ತದೆ. ಬರೀ ಲಿಖಿತ ಉತ್ತರದಲ್ಲಿ ಹೀಗೆ ಬಾಯಿ ಬಿಡಿಸುವ ಅವಕಾಶವಿಲ್ಲ.

ಗ್ಯಾರಂಟಿಗಳಿಗೆ ಹಣವೆಲ್ಲ ಹೋಗುತ್ತಿದೆ, ಕೆರೆ ಹೂಳೆತ್ತಲು, ಗಿಡ ನೆಡಲು ದುಡ್ಡಿಲ್ಲ ಎಂದು ವಿರೋಧ ಪಕ್ಷದವರು ಹೇಳುತ್ತಾರೆ. ಆಳುವವರು ಅಲ್ಲಗಳೆಯುತ್ತಾರೆ. ಯಾರನ್ನು ನಂಬುವುದು?
— ಸಿಂಧನೂರಿನ ಓದುಗರು

ಪೂರ್ತಿಯಾಗಿ ಇಬ್ಬರನ್ನೂ ಬೇಡ. 2024-25ರ ಬಜೆಟ್‌ನಲ್ಲಿ ಐದು ಗ್ಯಾರಂಟಿಗಳಿಗೆ ಇಟ್ಟದ್ದು ಸುಮಾರು 52 ಸಾವಿರ ಕೋಟಿ ರೂಪಾಯಿ. ಸಣ್ಣ ಮೊತ್ತವಲ್ಲ. ಆದರೆ ‘ಅದರಿಂದಾಗಿ ಇದಕ್ಕಿಲ್ಲ’ ಎಂಬುದನ್ನು ಭಾಷಣದಲ್ಲಿ ಹೇಳಿದರೆ ಸಾಲದು. ಸಣ್ಣ ನೀರಾವರಿ ಇಲಾಖೆಗೆ ಐದು ವರ್ಷಗಳಲ್ಲಿ ಜಿಲ್ಲಾವಾರು ಬಿಡುಗಡೆಯಾದ ಮೊತ್ತವನ್ನು ಕೇಳಿದರೆ ಯಾರ ಮಾತು ಎಷ್ಟು ನಿಜ ಎಂದು ಅಂಕಿಯೇ ಹೇಳುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ಕಡೆ ಗ್ಯಾರಂಟಿ, ಹವಾಮಾನ ಎರಡನ್ನೂ ಬೇರೆ ಬೇರೆ ತಟ್ಟೆಯಲ್ಲಿಟ್ಟು ತೂಗುವುದೇ ಸರಿಯಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಲಿಗೆ ಹೆದರಿ ಗುಮಾಸ್ತರಿಗೆ ಕೊಟ್ಟ ಈ ಸವಲತ್ತು ಭತ್ತದ ಗದ್ದೆಯಲ್ಲಿ ಬಗ್ಗಿದವರಿಗೆ ಇಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಕೈಯಲ್ಲಿದ್ದಾಗ ಮಟಮಟ ಮಧ್ಯಾಹ್ನದ ಕೂಲಿಯನ್ನು ಒಂದೆರಡು ದಿನ ಬಿಡುವ ಧೈರ್ಯ ಬರುತ್ತದೆ. ಕಂತು ತಪ್ಪಿದ ತಿಂಗಳು ಆ ಧೈರ್ಯವೂ ತಪ್ಪುತ್ತದೆ. ಯಾವ ತಿಂಗಳ ಕಂತು ಯಾವ ದಿನಾಂಕದಂದು ಜಮೆಯಾಯಿತು ಎಂದು ತಾಲ್ಲೂಕುವಾರು ಕೇಳುವುದು, ಹಾಗೆ ನೋಡಿದರೆ, ಹವಾಮಾನದ ಪ್ರಶ್ನೆಯೂ ಹೌದು.

ಪರಿಶಿಷ್ಟರ ಉಪಯೋಜನೆಯದು ಬೇರೆ ವಿಚಾರ. 2013ರ ಕಾಯ್ದೆಯ ಪ್ರಕಾರ ಜನಸಂಖ್ಯೆಗೆ ತಕ್ಕಂತೆ, ಅಂದರೆ ಶೇ 24.1ರಷ್ಟು ಹಣವನ್ನು ಪರಿಶಿಷ್ಟ ಜಾತಿ, ಪಂಗಡಗಳಿಗಾಗಿ ತೆಗೆದಿಡಬೇಕು. ಬೇರೆಡೆ ತಿರುಗಿಸಲು ದಾರಿಯಾಗಿದ್ದ 7(ಡಿ) ಕಲಮನ್ನು 2023ರಲ್ಲಿ ಕಿತ್ತುಹಾಕಿದರು. ಆಮೇಲೂ ಅದೇ ಹಣದ ಒಂದು ಭಾಗವನ್ನು ಗ್ಯಾರಂಟಿಗಳಿಗೆ ಲೆಕ್ಕ ತೋರಿಸಿದ್ದರ ಬಗ್ಗೆ ಸದನದಲ್ಲಿ ಗದ್ದಲವಾಗಿದೆ. ಪರಿಶಿಷ್ಟ ಪಂಗಡದವರು ಇಷ್ಟೊಂದು ಸಂಖ್ಯೆಯಲ್ಲಿರುವ ರಾಯಚೂರು, ಬಳ್ಳಾರಿ ಜಿಲ್ಲೆಗಳ ಶಾಸಕರು ಪಕ್ಷ ನೋಡದೆ ಕೆದಕಬೇಕಾದ ಲೆಕ್ಕ ಇದು.

ಕಾರ್ಖಾನೆ ಹೊಗೆಯಿಂದ ನಮ್ಮ ಮನೆ ಮಾಳಿಗೆ, ಬೆಳೆ ಎಲ್ಲ ಕಪ್ಪಾಗಿವೆ. ಹವಾಮಾನ ಬದಲಾವಣೆ ಯಾವ ಸಚಿವರಿಗೆ ಸೇರಿದ್ದು?
— ಕೊಪ್ಪಳ ತಾಲ್ಲೂಕಿನ ಓದುಗರು

ಯಾರಿಗೂ ಪೂರ್ತಿ ಸೇರಿಲ್ಲ, ಅದೇ ತೊಡಕು. ಹೊಗೆ, ಮಾಲಿನ್ಯ ಪರಿಸರ ಇಲಾಖೆಗೆ. ಬಿಸಿಗಾಳಿ, ಬರ ಕಂದಾಯಕ್ಕೆ. ಕೆರೆ ಸಣ್ಣ ನೀರಾವರಿಗೆ. ಕೂಲಿ ಕೆಲಸದ ಜಾಗದ ನೆರಳು ಗ್ರಾಮೀಣಾಭಿವೃದ್ಧಿಗೆ. ‘ಹವಾಮಾನ ಬದಲಾವಣೆಗೆ ಏನು ಮಾಡಿದ್ದೀರಿ’ ಎಂದು ಒಟ್ಟಾರೆ ಕೇಳಿದರೆ ನೆಟ್ಟ ಸಸಿಗಳ ಸಂಖ್ಯೆ ಬರುತ್ತದೆ. ಬದುಕಿದ ಸಸಿಗಳದ್ದಲ್ಲ.

ಒಂದು ಉದಾಹರಣೆ ಕೊಡುತ್ತೇನೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಗಣಿ ದೂಳಿನ ಬಳ್ಳಾರಿ ಇಲ್ಲ, ಶಕ್ತಿನಗರದ ಕಲ್ಲಿದ್ದಲು ಸ್ಥಾವರವಿರುವ ರಾಯಚೂರಿಲ್ಲ, ನಿಮ್ಮ ಕೊಪ್ಪಳವೂ ಇಲ್ಲ. ‘ಯಾಕೆ ಸೇರಿಸಿಲ್ಲ’ ಎಂದು ಕೇಳಿದರೆ ಕೇಂದ್ರದ ವಿಷಯವೆಂದು ತಳ್ಳಿಹಾಕುತ್ತಾರೆ. ‘ಸೇರಿಸುವಂತೆ ರಾಜ್ಯವು ಕೇಂದ್ರಕ್ಕೆ ಪ್ರಸ್ತಾವ ಕಳುಹಿಸಿದೆಯೇ? ದಿನಾಂಕ, ಪತ್ರ ಸಂಖ್ಯೆ?’ ಎಂದು ಕೇಳಲಿ. ಗಿಣಿಗೇರಾ ಸುತ್ತಲಿನ ಊರುಗಳಲ್ಲಿ ಗಾಳಿ ಅಳೆಯುವ ಯಂತ್ರ ಎಲ್ಲಿದೆ, ಕಳೆದ ವರ್ಷ ಎಷ್ಟು ದಿನ ಮಿತಿ ಮೀರಿತು ಎಂಬುದೂ ಜೊತೆಗಿರಲಿ. ನಿಮ್ಮೂರಿನವರು ಗಟ್ಟಿಗರು. 2019ರಲ್ಲಿ ಗವಿಮಠದ ಶ್ರೀಗಳ ಮುಂದಾಳತ್ವದಲ್ಲಿ ಜನರೇ ಹಿರೇಹಳ್ಳವನ್ನು ಹಸನು ಮಾಡಿದರು. 2025ರ ಫೆಬ್ರುವರಿಯಲ್ಲಿ ಹೊಸ ಉಕ್ಕು ಕಾರ್ಖಾನೆ ಬೇಡವೆಂದು ಪಟ್ಟಣವನ್ನೇ ಬಂದ್ ಮಾಡಿದರು. ಬೀದಿಯಲ್ಲಿ ಎದ್ದ ಆ ಪ್ರಶ್ನೆಗೆ ಸದನದ ಭಾಷೆ ತೊಡಿಸುವವರು ಬೇಕಾಗಿದ್ದಾರೆ.

ಗಣಿ ಕಂಪನಿಗಳು ಕೊಡುವ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣದ ಬಗ್ಗೆ ಶಾಸಕರು ಸದನದಲ್ಲಿ ಕೇಳಬಹುದೇ?
— ಸಂಡೂರಿನ ಓದುಗರು

ಕೇಳಬಹುದು. 2015ರ ಜನವರಿ 12ಕ್ಕೂ ಮೊದಲಿನ ಗುತ್ತಿಗೆಗಳಿಂದ ರಾಜಧನದ ಶೇ 30, ನಂತರದವುಗಳಿಂದ ಶೇ 10 ಇದಕ್ಕೆ ಸಂದಾಯವಾಗುತ್ತದೆ. ಗಣಿಬಾಧಿತ ಜನರ ನೀರು, ಆರೋಗ್ಯ, ಶಿಕ್ಷಣ, ಪರಿಸರಕ್ಕೆ ಆದ್ಯತೆ ಕೊಡಬೇಕೆಂಬುದು ನಿಯಮ. ತಮಾಷೆಯೆಂದರೆ ಪ್ರತಿಷ್ಠಾನದ ಆಡಳಿತ ಮಂಡಳಿಯಲ್ಲಿ ಶಾಸಕರೂ ಇರುತ್ತಾರೆ. ಸಭೆಯಲ್ಲಿ ತಾವೇ ಒಪ್ಪಿದ ಕಾಮಗಾರಿಯ ಬಗ್ಗೆ ಸದನದಲ್ಲಿ ಗುಡುಗುವುದು ಯಾರಿಗೂ ಸುಲಭವಲ್ಲ. ಆದ್ದರಿಂದ ಪಕ್ಕದ ಜಿಲ್ಲೆಯ ಶಾಸಕರನ್ನೋ ಈಶಾನ್ಯ ಪದವೀಧರ ಕ್ಷೇತ್ರದ ಪರಿಷತ್ ಸದಸ್ಯರನ್ನೋ ಹಿಡಿಯಿರಿ.

ಇದರಂತೆಯೇ ಧೂಳು ತಿನ್ನುತ್ತಿರುವ ಇನ್ನೊಂದು ಬಾಗಿಲಿದೆ. 371(ಜೆ) ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕಾರ್ಯವೈಖರಿಯ ವರದಿಯನ್ನು ಪ್ರತಿವರ್ಷ ವಿಧಾನಸಭೆಯ ಮುಂದಿಡಬೇಕು. ಇದು ಸಂವಿಧಾನದ ಮಾತು. ಮಂಡಳಿಗೆ ಹಣ ಸಾಲದು ಎಂಬ ಕೂಗು ಪ್ರತಿ ಅಧಿವೇಶನದಲ್ಲೂ ಕೇಳುತ್ತದೆ. ಆ ವರದಿಯನ್ನೇ ಮುಂದಿಟ್ಟುಕೊಂಡು ಇಡೀ ದಿನ ಚರ್ಚಿಸೋಣ ಎಂಬ ಪಟ್ಟು ಅಷ್ಟು ಜೋರಾಗಿ ಕೇಳಿಸುವುದಿಲ್ಲ.

ಸಾಮಾನ್ಯರು ನೇರವಾಗಿ ಸದನಕ್ಕೆ ಪ್ರಶ್ನೆ ಕಳುಹಿಸಬಹುದೇ?
— ದೇವದುರ್ಗದ ಓದುಗರು

ಇಲ್ಲ. ಅರ್ಜಿಗಳ ಸಮಿತಿ ಇದೆ, ದಾರಿ ದೂರ. ನಿಮ್ಮ ಶಾಸಕರು ಸಚಿವರಾಗಿದ್ದರೆ ಅವರು ಪ್ರಶ್ನೆ ಕೇಳುವವರ ಸಾಲಿನಲ್ಲಿ ಇರುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಬೇಕು. ಅಧಿವೇಶನದ ದಿನಾಂಕ ಪ್ರಕಟವಾದ ವಾರದಲ್ಲೇ ಪ್ರಶ್ನೆಯನ್ನು ಅ-ಆ-ಇ ಎಂದು ಬಿಡಿಸಿ, ಒಂದೇ ಹಾಳೆಯಲ್ಲಿ ಬರೆದು ಶಾಸಕರ ಆಪ್ತ ಸಹಾಯಕರ ಕೈಗೆ ಕೊಡಿ. ತಡವಾದರೆ ಸೂಚನೆ ಸಲ್ಲಿಸುವ ಗಡುವು ಮುಗಿದಿರುತ್ತದೆ. ಬೀಗ ಬಿದ್ದ ಘಟಕವಾದರೆ ಬೀಗದ ಫೋಟೊವನ್ನೂ ಲಗತ್ತಿಸಿ, ದಿನಾಂಕ ಕಾಣುವಂತೆ.