ಹಂಚಿನ ಮಾಡಿನ ವಾಚನಾಲಯ: ಮಂಗಳೂರಿನಿಂದ ಒಂದು ಉತ್ತರ

ನಮ್ಮ ಕರಾವಳಿಯ ಸಣ್ಣ ಪೇಟೆಗಳಲ್ಲಿ ಉಳಿದಿರುವ ಹಳೆಯ ವಾಚನಾಲಯಗಳು ಮೈಸೂರು ಅರಸರ ಕೊಡುಗೆಯೇ ಎಂದು ನೀವು ಕೇಳಿದ್ದೀರಿ. ಅಲ್ಲ. 1956ರ ನವೆಂಬರ್ 1ರವರೆಗೆ ಈ ದಕ್ಷಿಣ ಕನ್ನಡ ಜಿಲ್ಲೆ ಮದರಾಸಿನ ಆಡಳಿತಕ್ಕೆ ಸೇರಿತ್ತು. ಆದ್ದರಿಂದ ಇಲ್ಲಿನ ಸಾರ್ವಜನಿಕ ಗ್ರಂಥಾಲಯದ ಇತಿಹಾಸವನ್ನು ಮದರಾಸಿನ ಕಾನೂನಿನಿಂದಲೇ ತಿಳಿಯಬೇಕು.

1948ರ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯಿದೆಯು ಪ್ರತಿ ಜಿಲ್ಲೆಗೂ ಒಂದು ಸ್ಥಳೀಯ ಗ್ರಂಥಾಲಯ ಪ್ರಾಧಿಕಾರವನ್ನು ಕಲ್ಪಿಸಿ, ಮನೆ ತೆರಿಗೆಯ ಒಂದೊಂದು ರೂಪಾಯಿಗೂ ಆರು ಪೈಗಳ (ಪೈ ಎಂದರೆ ಆಗಿನ ಅತಿ ಸಣ್ಣ ನಾಣ್ಯ) ಉಪಕರವನ್ನು ವಿಧಿಸಿತು. ಅದರ ಹಿಂದಿದ್ದವರು ಹೆಸರಾಂತ ಗ್ರಂಥಾಲಯ ಶಾಸ್ತ್ರಜ್ಞ ಎಸ್. ಆರ್. ರಂಗನಾಥನ್. ಗ್ರಂಥಾಲಯ ಶಾಸ್ತ್ರಕ್ಕೆ ಬರುವ ಮುನ್ನ, 1917ರಲ್ಲಿ, ಅವರು ಮಂಗಳೂರಿನ ಸರಕಾರಿ ಕಾಲೇಜಿಗೆ ಗಣಿತದ ಅಧ್ಯಾಪಕರಾಗಿ ಬಂದಿದ್ದರು. ಹಂಪನಕಟ್ಟೆಯ ಆ ಕಾಲೇಜನ್ನೇ ಈಗ ವಿಶ್ವವಿದ್ಯಾನಿಲಯ ಕಾಲೇಜು ಎಂದು ಕರೆಯುತ್ತೇವೆ. ಈ ನಂಟು ನಮ್ಮ ಊರಿನವರಲ್ಲೇ ಹೆಚ್ಚಿನವರಿಗೆ ತಿಳಿಯದಿರುವುದು ನನಗೆ ನೋವಿನ ಸಂಗತಿ. ರಾಜ್ಯ ಒಂದಾದ ಮೇಲೆ 1965ರ ಮೈಸೂರು ರಾಜ್ಯದ ಗ್ರಂಥಾಲಯ ಕಾಯಿದೆ ಬಂದು ಹಳೆಯ ವ್ಯವಸ್ಥೆಯ ಜಾಗವನ್ನು ತುಂಬಿತು.

ಕಟ್ಟಡದ ವಿಚಾರಕ್ಕೆ ಬಂದರೆ, ಗೋಡೆ ಮುರಕಲ್ಲಿನದು (ಕರಾವಳಿಯ ಕೆಂಪು ಕಲ್ಲು), ಮಾಡು, ಅಂದರೆ ಛಾವಣಿ, ಮಂಗಳೂರು ಹಂಚಿನದು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಹುಲ್ಲಿನ ಮಾಡುಗಳ ಜಾಗಕ್ಕೆ ಹಂಚು ಬಂದಿತು. ಇಳಿಜಾರಾದ ಮಾಡು, ಅಗಲವಾದ ಜಗಲಿ, ಎತ್ತರದ ಕಿಟಕಿಗಳು ಇವೆಲ್ಲ ಅಂದಕ್ಕಾಗಿ ಮಾಡಿದವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯಲ್ಲಿ ಗೋಡೆ ನೆನೆಯದಂತೆ ಕಾಯುವುದೂ, ಕಾಗದಕ್ಕೆ ಗಾಳಿಯಾಡುವಂತೆ ಮಾಡುವುದೂ ಅವುಗಳ ಕೆಲಸ. ಇಷ್ಟಾದರೂ ಮಳೆಗಾಲದಲ್ಲಿ ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯುತ್ತದೆ, ಒಡೆದ ಒಂದು ಹಂಚನ್ನು ಬದಲಿಸದೆ ಬಿಟ್ಟರೆ ಪಕ್ಕಾಸು (ಹಂಚನ್ನು ಹೊರುವ ಮರದ ಪಟ್ಟಿ) ಕುಂಬಾಗಿ, ಅಂದರೆ ಕೊಳೆತು, ಗೆದ್ದಲು ಕಪಾಟಿನವರೆಗೂ ಇಳಿಯುತ್ತದೆ. ಹಂಚನ್ನು ತೆಗೆದು ಕಾಂಕ್ರೀಟು ಹಾಕುವುದು ಸುಲಭದ ಪರಿಹಾರವೆಂದು ತೋರಬಹುದು, ಆದರೆ ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಓದುಗನು ಒಳಗೆ ಕುಳಿತಿರಬೇಕಾದರೆ ಎತ್ತರದ ಹಂಚಿನ ಮಾಡೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಅಥವಾ ಮಲಯಾಳವನ್ನು ಆಡುವವರೂ ಇಲ್ಲಿ ಪತ್ರಿಕೆ ಓದಲು ಬಂದು ಕನ್ನಡವನ್ನೇ ಕೈಗೆತ್ತಿಕೊಳ್ಳುತ್ತಾರೆ. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ' 1843ರಲ್ಲಿ ಇಲ್ಲಿಂದಲೇ ಹೊರಟಿತೆಂಬುದನ್ನು ನೀವು ಬಲ್ಲಿರಿ. 1956ರಲ್ಲಿ ಗಡಿ ಎಳೆದಾಗ ಕಾಸರಗೋಡು ಕೇರಳಕ್ಕೆ ಹೋಯಿತು. ಮಂಜೇಶ್ವರದಲ್ಲಿದ್ದ ಕವಿ ಗೋವಿಂದ ಪೈಗಳ ಮನೆಯೂ ಅತ್ತ ಸೇರಿತು. ಆದರೆ ಅವರು ಕೂಡಿಸಿದ್ದ ಬಹುಭಾಷಾ ಗ್ರಂಥಸಂಗ್ರಹ ಉಡುಪಿಯ ಎಂಜಿಎಂ ಕಾಲೇಜಿಗೆ ಬಂದು, ಇಂದಿಗೂ ಅಲ್ಲಿನ ಅವರ ಹೆಸರಿನ ಸಂಶೋಧನ ಕೇಂದ್ರದಲ್ಲಿದೆ.

ಕರ್ನಾಟಕದಲ್ಲಿ ನಾವು ಈಗಲೂ ಆಸ್ತಿ ತೆರಿಗೆಯೊಂದಿಗೆ ಶೇ. 6ರ ಗ್ರಂಥಾಲಯ ಉಪಕರವನ್ನು ಕಟ್ಟುತ್ತೇವೆ. ಆ ಹಣದಲ್ಲಿ ಹೊಸ ಪುಸ್ತಕಗಳನ್ನು ಕೊಳ್ಳುವಷ್ಟೇ ಮುತುವರ್ಜಿಯಿಂದ, ಪ್ರತಿ ವರ್ಷ ಮೇ ಮುಗಿಯುವುದರೊಳಗೆ ಹಳೆಯ ಕಟ್ಟಡದ ಮಾಡನ್ನೂ ದುರಸ್ತಿ ಮಾಡಿಸಬೇಕೆಂಬುದು ಇಲ್ಲಿನ ಓದುಗರ ಬೇಡಿಕೆಯಾಗಬೇಕು.